ಹಿತ್ತಲ ಜಗಲಿಯೂ ಎಡಗಾಲ ಮಂಡಿಯೂ

ಸ್ವಂತ ಮನೆ, ಸ್ವಂತ ಮಗ್ಗ, ಕೈಹಿಡಿದ ಹೆಂಡತಿ ಎಲ್ಲವೂ ಇದ್ದು, ಕೂರುವುದಕ್ಕೆ ಮಾತ್ರ ಸ್ವಂತ ಜಾಗವಿಲ್ಲದ ಮನುಷ್ಯ ಯಾರಾದರೂ ಇದ್ದರೆ, ಅವನು ಕೊಳ್ಳೇಗಾಲದ ಹಳೇ ನೇಕಾರರ ಬೀದಿಯ ಕಟ್ಟಕಡೆಯ ಮನೆಯ ಸದಾಶಿವಪ್ಪ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ ಅದು. ಊರಿಗೇ ತಾನು ಯಾವ ಕಡೆಯದೆಂದು ಗೊತ್ತಿರಲಿಲ್ಲ. ಮಾತು ಕನ್ನಡ, ಮೊಹರು ಮದ್ರಾಸಿನದು. ಅಂಥ ಊರಿನಲ್ಲಿ ಒಬ್ಬ ನೇಕಾರನಿಗೆ ತನ್ನ ಜಾಗ ಯಾವುದೆಂದು ತಿಳಿಯದಿದ್ದರೆ ಆಶ್ಚರ್ಯವೇನು ಎಂದು ನೀವು ಕೇಳಬಹುದು. ಸದಾಶಿವಪ್ಪನನ್ನು ಹಾಗೆ ಕೇಳಿದ್ದರೆ ಅವನು ಎದ್ದು ಹೋಗುತ್ತಿದ್ದ. (ಎದ್ದು ಹೋಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.)

ದಿನವೆಲ್ಲ ಅವನು ಕೂತೇ ಇರುತ್ತಾನಲ್ಲ ಎಂಬುದು ಇನ್ನೊಂದು ತಕರಾರು. ನಿಜ. ಆದರೆ ಕುಣಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ತುಳಿಯುತ್ತ ಲಾಳಿ ಎಸೆಯುವುದನ್ನು ಕೂರುವುದು ಎನ್ನುವುದಾದರೆ, ನೇಗಿಲು ಎಳೆಯುವ ಎತ್ತು ವಾಯುಸೇವನೆಗೆ ಹೊರಟಿದೆ ಎಂದೂ ಹೇಳಬಹುದು. ಅವನಿಗೆ ಬೇಕಾಗಿದ್ದದ್ದು ಬೇರೆ. ಸಂಜೆ ಗುಂಡಿಯಿಂದ ಮೇಲೆದ್ದು, ಒಂದು ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಯಾರೂ ಏನೂ ಕೇಳದ ಹಾಗೆ ಅರ್ಧ ಗಂಟೆ ಕೂರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಅವನು ಹಾಸಿಗೆ ಕೇಳಲಿಲ್ಲ. ಬರೀ ಕಾಲು ಚಾಚುವ ಜಾಗ ಕೇಳಿದ.

ಮನೆ ಮುಂದೆ ಜಗಲಿ ಇರಲಿಲ್ಲವೆ? ಇತ್ತು. ಅದೇ ದುರದೃಷ್ಟ. ಇಡೀ ಬೀದಿಗೆ ಇದ್ದ ಒಂದೇ ಹೊಂಗೆಮರ ಅವನ ಜಗಲಿಗೆ ನೆರಳು ಕೊಡುತ್ತಿತ್ತು. ಸಂಜೆ ನಾಲ್ಕಾಯಿತೆಂದರೆ ಬೀದಿಯ ಯಜಮಾನರಾದ ರಾಮಲಿಂಗಯ್ಯನವರು ಎಲೆಅಡಿಕೆ ಚೀಲ ಹಿಡಿದು, ಹಿಂದೆ ನಾಲ್ವರು ಹಿರಿಯರನ್ನು ಕಟ್ಟಿಕೊಂಡು ದಯಮಾಡಿಸುತ್ತಿದ್ದರು. ಆ ಬೀದಿಯಲ್ಲಿ ಒಂದು ಕಟ್ಟಳೆ: ಜಗಲಿ ಮನೆಯವನದು, ಜಗಲಿಯ ಮೇಲಿನ ಜಾಗ ಬಂದವರದು. ಜಗಲಿಯ ಮೇಲೆ ಕೂತವರನ್ನು ಏಳಿ ಎನ್ನುವ ಹಾಗಿಲ್ಲ. ಹಾಗೆಂದವನ ಮನೆಗೆ ಹೆಣ್ಣು ಕೊಡುವುದಿಲ್ಲ, ಅವನ ಮನೆಯಿಂದ ಹೆಣ್ಣು ತರುವುದಿಲ್ಲ. ಸದಾಶಿವಪ್ಪ ಹೊರಗೆ ಬಂದರೆ ರಾಮಲಿಂಗಯ್ಯನವರು ತುಂಬು ಪ್ರೀತಿಯಿಂದ, ಬಾರಪ್ಪ ಕೂತ್ಕ ಎಂದು ಜಗಲಿಯ ತುದಿಯಲ್ಲಿ ಒಂದು ಗೇಣು ಜಾಗ ತೋರಿಸುತ್ತಿದ್ದರು. ಅವನು ಅರ್ಧ ಕೂತಿರುವಾಗಲೇ ಒಬ್ಬರಿಗೆ ನೀರಡಿಕೆ, ಇನ್ನೊಬ್ಬರಿಗೆ ಸುಣ್ಣದ ಡಬ್ಬಿ ಮರೆತ ಜ್ಞಾಪಕ. ಆ ಗೇಣು ಜಾಗವನ್ನು ಅವನು ಬೆಚ್ಚಗೆ ಮಾಡಿದ್ದೇ ಇಲ್ಲ.

ಒಳಗೆ ಹೋದರೆ ರುದ್ರಾಣಿ. ನಡುಮನೆಯಲ್ಲಿ ರಾಟೆ ಇಟ್ಟುಕೊಂಡು ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುತ್ತ ಕೂತಿರುತ್ತಿದ್ದಳು. ಗಂಡ ಸುಮ್ಮನೆ ಕೂತಿದ್ದನ್ನು ಕಂಡರೆ ಹೆಂಡತಿಗೆ ಕೆಲಸ ಜ್ಞಾಪಕ ಬರುವುದು ಸೃಷ್ಟಿಯ ನಿಯಮ. ಸೌದೆ ಒಡೆದಾಯಿತೆ, ಬಾವಿಯ ಹಗ್ಗ ಜೂಲು ಬಿಟ್ಟಿದೆ ನೋಡಿದಿರಾ. ಬೇರೆ ಏನೂ ಸಿಕ್ಕದಿದ್ದರೆ ಕೊನೆಯ ಅಸ್ತ್ರ ಒಂದಿತ್ತು: ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಬೆಟ್ಟ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ದೀಪಾವಳಿಗೆ ಬೀದಿಯೆಲ್ಲ ಕಾಲುನಡಿಗೆಯಲ್ಲಿ ಬೆಟ್ಟಕ್ಕೆ ಹೋಗುತ್ತದೆ. ಗಂಡನ ಜೊತೆ ಒಂದು ಸಲ ಅವಳೂ ಹೋಗಬೇಕು. ಸದಾಶಿವಪ್ಪ ಪ್ರತಿ ವರ್ಷವೂ ‘ಮುಂದಿನ ವರ್ಷ’ ಎನ್ನುತ್ತಿದ್ದ. ಈ ಸಲ ಮಾತ್ರ, ಕೂರುವ ಅವಸರದಲ್ಲಿ, ‘ಆಯ್ತು’ ಎಂದುಬಿಟ್ಟಿದ್ದ. ಅವಳು ತಿಂಗಳ ಮೊದಲೇ ತಂಬಿಟ್ಟಿಗೆ ಹುರಿಗಡಲೆ ಆರಿಸತೊಡಗಿದ್ದಳು.

ಹೀಗೆ ಮುಂದೆ ಹಿರಿಯರು, ಒಳಗೆ ಹೆಂಡತಿ, ನಡುವೆ ಗುಂಡಿ ಎಂದಿರುವಾಗ, ಒಂದು ದಿನ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದವನಿಗೆ ಜ್ಞಾನೋದಯವಾಯಿತು. ಮನೆಗೆ ಮುಂದೆ ಜಗಲಿ ಇರಬಹುದಾದರೆ ಹಿಂದೆ ಏಕಿರಬಾರದು? ಹಿತ್ತಲ ಬಾಗಿಲಿಗೆ ಆತುಕೊಂಡು ಎಂಟಡಿ ಉದ್ದ, ಐದಡಿ ಅಗಲದ ಒಂದು ಜಗಲಿ. ಮೇಲೆ ಹೆಂಚು. ಹಿತ್ತಲಿಗೆ ಹಿರಿಯರು ಬರುವುದಿಲ್ಲ, ಬಂದರೂ ಚೆಂಬು ಹಿಡಿದು ಅವಸರದಲ್ಲಿ ಬರುತ್ತಾರೆ.

ಆದರೆ ಆ ಬೀದಿಯಲ್ಲಿ ಏನನ್ನಾದರೂ ಹೊಸದಾಗಿ ಕಟ್ಟುವುದೆಂದರೆ ಹುಡುಗಾಟವಲ್ಲ. ಪಾಳೇಗಾರರ ಕಾಲದ ಬೀದಿ ಎಂದು ಅವರ ಜಂಬ. ಇಪ್ಪತ್ತೆರಡು ಮನೆ, ಇಪ್ಪತ್ತೆರಡೂ ಒಂದೇ ಅಚ್ಚು: ಅದೇ ಜಗಲಿ, ಅದೇ ಎರಡು ಕಂಬ, ಅದೇ ಗೂಡು. ಒಂದು ಸಲ ಹೊಸ ಅಳಿಯನೊಬ್ಬ ಬೇರೆ ಮನೆಗೆ ನುಗ್ಗಿ, ಕೈಕಾಲು ತೊಳೆದು, ಊಟ ಮಾಡಿ, ಎಲೆ ಹಾಕಿಕೊಂಡ ಮೇಲೆ ಹೆಂಡತಿ ಎಲ್ಲಿ ಎಂದು ಕೇಳಿದ್ದನಂತೆ. ಇನ್ನೊಬ್ಬರು ಯಾರೋ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಕ್ಕೆ ಯಜಮಾನರು ಕರೆಸಿ, ನಿಮ್ಮ ತಾತನಿಗೆ ಇಲ್ಲದ ನೀಲಿ ನಿನಗೇಕೆ ಎಂದು ಕೇಳಿದ್ದರು. ಬಣ್ಣ ಕೆರೆಯುವುದಕ್ಕೆ ಬೀದಿಯವರೆಲ್ಲ ಬಂದು ಸಹಾಯ ಮಾಡಿದರು. ಅಷ್ಟು ಒಗ್ಗಟ್ಟಿನ ಬೀದಿ.

ಹಿತ್ತಲಿನ ಕಥೆ ಇನ್ನೊಂದು ಬಗೆ. ಇಪ್ಪತ್ತೆರಡು ಹಿತ್ತಲಿಗೂ ನಡುವೆ ಗೋಡೆ ಇಲ್ಲ. ಏಕೆಂದರೆ ಅದು ಹಾಸಿನ ಓಣಿ. ಸೀರೆಯ ಉದ್ದದ ಎಳೆಗಳೆಲ್ಲ ಸೇರಿದರೆ ಹಾಸು. ಅದು ಮಗ್ಗಕ್ಕೆ ಏರುವ ಮೊದಲು ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಹಚ್ಚಿ, ಎಳೆಬಿಸಿಲಿನಲ್ಲಿ ಆರಿಸಬೇಕು. ಅದಕ್ಕೆ ಒಂದು ತುದಿಯನ್ನು ಸದಾಶಿವಪ್ಪನ ಹಿತ್ತಲಿನ ಕಲ್ಲುಕಂಬಕ್ಕೆ ಕಟ್ಟುವುದು. ಇನ್ನೊಂದು ತುದಿಗೆ ಹಗ್ಗ ಹಾಕಿ ನಾಲ್ಕು ಜನ ಓಣಿಯ ಮೇಲುಗಡೆಯಿಂದ ಎಳೆಯುವುದು. ಆಳಿಗಿಂತ ಎತ್ತರದ ಆ ಕಲ್ಲನ್ನು ನೆಟ್ಟವರು ಯಾರೋ ಯಾರಿಗೂ ಗೊತ್ತಿಲ್ಲ. ಅದರ ಒಂದು ಗುಣ ಮಾತ್ರ ಎಲ್ಲರಿಗೂ ಗೊತ್ತಿತ್ತು. ಹಗ್ಗ ಬಿಗಿಯಾದಾಗ ಕಲ್ಲು ಎರಡು ಬೆರಳಿನಷ್ಟು ಮುಂದಕ್ಕೆ ವಾಲುತ್ತಿತ್ತು, ಸಡಿಲ ಬಿಟ್ಟರೆ ಮೊದಲಿನ ಹಾಗೆ ನಿಲ್ಲುತ್ತಿತ್ತು. ಅದು ಹೀಗೆ ತಲೆದೂಗುವುದರಿಂದಲೇ ನಮ್ಮ ಬೀದಿಯ ಹಾಸಿನಲ್ಲಿ ಎಳೆ ಹರಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮಕ್ಕಳು ಹಗ್ಗ ಎಳೆಯುವ ಹೊತ್ತಿಗೆ ಕಾದಿದ್ದು, ಕಲ್ಲಪ್ಪ ಕಲ್ಲಪ್ಪ, ಇವತ್ತು ಮೇಷ್ಟ್ರು ರಜ ಕೊಡ್ತಾರಾ ಎಂದು ಕೇಳುತ್ತಿದ್ದವು. ಕಲ್ಲು ತಲೆ ಆಡಿಸುತ್ತಿತ್ತು. ಆ ಬೀದಿಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದದ್ದು ಅದೊಂದೇ.

ಸದಾಶಿವಪ್ಪ ಅಗರದಿಂದ ಮಾದಣ್ಣನೆಂಬ ಗಾರೆಕೆಲಸದವನನ್ನು ಗುಟ್ಟಾಗಿ ಕರೆಸಿದ. ಊರಿನವನಾದರೆ ಸುದ್ದಿ ಯಜಮಾನರ ಕಿವಿಗೆ ಬೀಳುತ್ತದೆ. ಅಗರವೆಂದರೆ ಯಳಂದೂರಿನ ಕಡೆ, ಮೈಸೂರು ಸೀಮೆ, ಒಂದು ಲೆಕ್ಕಕ್ಕೆ ಪರದೇಶ. ಮಾದಣ್ಣ ಅಳತೆ ಹಾಕಿ, ಒಂದು ಸಾಲು ತೊಲೆಗೆ ಎರಡು ಕಂಬ ಬೇಕು, ಒಂದನ್ನು ಇಟ್ಟಿಗೆಯಲ್ಲಿ ಕಟ್ಟೋಣ ಎಂದು ಹೇಳಿ ಇನ್ನೊಂದಕ್ಕೆ ಸುತ್ತ ನೋಡಿದ. ಕಲ್ಲಿನ ಮೇಲೆ ಅವನ ಕಣ್ಣು ಬಿತ್ತು. ಹೋಗಿ ಎರಡು ಕೈಯಲ್ಲಿ ಅಲ್ಲಾಡಿಸಿದ. ಜಗ್ಗಲಿಲ್ಲ.

“ಕಂಬ ತಾನಾಗೇ ನಿಂತದಲ್ಲ ಸಾ. ಇದ್ರ ತಲೆ ಮ್ಯಾಲ ತೊಲೆ ಕೂರ್ಸುಬುಟ್ರ ಆಯ್ತು.”

ಸದಾಶಿವಪ್ಪ ಒಂದು ಗಳಿಗೆ ಯೋಚಿಸಿದ. ಹಾಸು ಕಟ್ಟುವುದು ಕಲ್ಲಿನ ಸೊಂಟಕ್ಕೆ, ತೊಲೆ ಕೂರುವುದು ತಲೆಗೆ. ಒಬ್ಬರ ಸೊಂಟಕ್ಕೂ ತಲೆಗೂ ಏನು ಸಂಬಂಧ? ಮಾದಣ್ಣ ಅತ್ತ ತಿರುಗಿದಾಗ ಅವನು ಕಲ್ಲಿನ ಹತ್ತಿರ ಹೋಗಿ, ಮಕ್ಕಳ ಹಾಗೆ, ಇಲ್ಲೊಂದು ಜಗಲಿ ಕಟ್ಟಲಾ ಎಂದು ಮೆಲ್ಲಗೆ ಕೇಳಿಯೂ ಕೇಳಿದ. ಆ ಹೊತ್ತಿಗೆ ಹಗ್ಗ ಇರಲಿಲ್ಲ, ಹಾಸು ಇರಲಿಲ್ಲ. ಕಲ್ಲು ಸುಮ್ಮನಿತ್ತು. ಮೌನಂ ಸಮ್ಮತಿ ಲಕ್ಷಣಂ ಎಂದು ಅವನು ಅರ್ಥ ಮಾಡಿಕೊಂಡ. (ನೂರು ವರ್ಷದಿಂದ ಎಲ್ಲದಕ್ಕೂ ತಲೆ ಆಡಿಸಿದ ಕಲ್ಲು ತನಗೊಬ್ಬನಿಗೆ ಆಡಿಸಲಿಲ್ಲ ಎಂಬುದನ್ನು ಬುದ್ಧಿವಂತನಾದವನು ಗಮನಿಸುತ್ತಿದ್ದ.)

ಅವತ್ತು ರಾತ್ರಿ ಊಟಕ್ಕೆ ಕೂತಾಗ ರುದ್ರಾಣಿಗೆ ಹೇಳಿದ. ನಿನಗೇ ಅನುಕೂಲ, ಮಳೆಯಲ್ಲಿ ಸೌದೆ ನೆನೆಯುವುದಿಲ್ಲ ಎಂದು ಶುರುಮಾಡಿದ. ಅವಳು ಹದಿನೆಂಟು ವರ್ಷದಿಂದ ನೆನೆಯುತ್ತಿದ್ದ ಸೌದೆಯ ಮೇಲೆ ಇವತ್ತು ಹುಟ್ಟಿದ ಕರುಣೆಯನ್ನು ಕೇಳಿ, ಸಾರಿನ ಸೌಟು ಹಾಗೇ ಹಿಡಿದು ನಿಂತಳು.

“ಯಜಮಾನ್ರ ಕೇಳುದ್ರಾ?”

“ಕಟ್ಟಳೆ ಮುಂದ್ಗಡೆಗ ಕಣೇ. ಇತ್ಲಿಗ ಯಾವ ಕಟ್ಟಳೆ?”

“ಅಂಗಾದ್ರ ಕೇಳಕ್ಕೇನು?”

ಅದಕ್ಕೆ ಸದಾಶಿವಪ್ಪ ಮಂಡಿಸಿದ ತರ್ಕ ನ್ಯಾಯಶಾಸ್ತ್ರದಲ್ಲಿ ಸೇರಬೇಕಾದದ್ದು. ಕೇಳಿದರೆ ಯಜಮಾನರು ಬೇಡ ಎನ್ನುತ್ತಾರೆ. ಬೇಡ ಎಂದ ಮೇಲೆ ಕಟ್ಟಿದರೆ ತಪ್ಪು. ಕೇಳದೆ ಕಟ್ಟಿದರೆ ಅದು ಬರೀ ಮರೆವು. ಮರೆವಿಗೆ ಶಿಕ್ಷೆ ಎಲ್ಲಾದರೂ ಉಂಟೆ?

ಆದರೆ ಹಾಸಿನ ಓಣಿಯಲ್ಲಿ ದಿನಬೆಳಗಾದರೆ ಬೀದಿಯ ಗಂಡಸರು ಓಡಾಡುತ್ತಾರೆ. ಅವರ ಕಣ್ಣೆದುರಿಗೆ ಜಗಲಿ ಮರೆತು ಕಟ್ಟುವುದು ಹೇಗೆ? ಉತ್ತರ ಒಂದೇ. ದೀಪಾವಳಿಗೆ ಎಲ್ಲರೂ ಬೆಟ್ಟಕ್ಕೆ ಹೋಗುತ್ತಾರೆ; ಹೋಗಿ ಬರುವುದು ಎಂಟು ದಿನ. ಆ ಎಂಟು ದಿನ ಬೀದಿಯಲ್ಲಿ ಮುದುಕಿಯರೂ ಕೈಕೂಸುಗಳೂ ಬಿಟ್ಟರೆ ಯಾರೂ ಇರುವುದಿಲ್ಲ. ತಾನೊಬ್ಬ ಉಳಿದರೆ ಸಾಕು. ಉಳಿಯುವುದಕ್ಕೆ ಕಾರಣ ಬೇಕು. ಜ್ವರವೆಂದರೆ ಮುಟ್ಟಿ ನೋಡುತ್ತಾರೆ, ಹೊಟ್ಟೆನೋವೆಂದರೆ ಊಟ ಹಾಕುವುದಿಲ್ಲ. ಮಂಡಿನೋವಿನಂಥ ಸಾಧು ಕಾಯಿಲೆ ಇನ್ನೊಂದಿಲ್ಲ; ಹೊರಗಿನವರಿಗೆ ಕಾಣುವುದಿಲ್ಲ, ಒಳಗಿನವನಿಗೆ ನೋಯುವುದಿಲ್ಲ.

ಹೊರಡುವ ದಿನ ಬೆಳಗ್ಗೆ ಬೀದಿಯೆಲ್ಲ ಗಂಟುಮೂಟೆ ಕಟ್ಟಿ ಹೊಂಗೆಮರದ ಕೆಳಗೆ ಸೇರಿತ್ತು. ರುದ್ರಾಣಿ ಹಳದಿ ಸೀರೆಯುಟ್ಟು, ತಂಬಿಟ್ಟಿನ ಗಂಟು ಸೊಂಟಕ್ಕೆ ಕಟ್ಟಿ ಸಿದ್ಧಳಾಗಿದ್ದಳು. ಆಗ ಸದಾಶಿವಪ್ಪ ಬಾಗಿಲ ಚೌಕಟ್ಟು ಹಿಡಿದು, ಎಡಗಾಲು ಎಳೆಯುತ್ತ, ಮುಖ ಹಿಂಡಿಕೊಂಡು ಹೊರಗೆ ಬಂದ. ರಾಮಲಿಂಗಯ್ಯನವರು ಅವನನ್ನು ಕೂರಿಸಿ ಮಂಡಿ ಒತ್ತಿ ನೋಡಿದರು. ಒತ್ತಿದಾಗ ಅವನು ಅಯ್ಯೋ ಎಂದ. ಒತ್ತುವುದಕ್ಕೆ ಸ್ವಲ್ಪ ಮೊದಲೇ ಎಂದನೆಂದು ಹಿಂದೆ ನಿಂತಿದ್ದ ಯಾರಿಗೋ ಅನ್ನಿಸಿತಂತೆ.

ರುದ್ರಾಣಿ ಅವನ ಮಂಡಿಯನ್ನೊಮ್ಮೆ ನೋಡಿದಳು. ಸೊಂಟದ ಗಂಟು ಬಿಚ್ಚಿದಳು, ಒಳಗೆ ಹೋದಳು. ಮಾತಾಡದ ರುದ್ರಾಣಿಯನ್ನು ಕಂಡೇ ಅವನು ಹೆದರಬೇಕಿತ್ತು. ಅವಳು ಹೊರಗೆ ಬಂದಾಗ ಕೈಯಲ್ಲಿ ಅರಿಶಿನದ ಬಟ್ಟೆಯ ತುಂಡೊಂದಿತ್ತು. ಅದರಲ್ಲಿ ಒಂದು ಕಾಸಿಟ್ಟು ಮುಡಿಪು ಕಟ್ಟಿದಳು. ಅದನ್ನು ಗಂಡನ ಎಡಮಂಡಿಗೆ ಮೂರು ಸಲ ಮುಟ್ಟಿಸಿ, ಬೀದಿಯೆಲ್ಲ ನೋಡುತ್ತಿದ್ದ ಹಾಗೆ ಯಜಮಾನರ ಕೈಗೆ ಕೊಟ್ಟಳು.

“ಮಾದಪ್ಪನ ಪಾದುಕ್ಕ ಮುಟ್ಟುಸ್ಬುಡಿ. ಇವರ ಮಂಡಿ ವಾಸಿ ಆದ್ರ, ಆದ ತಿಂಗಳೇ ಗಂಡ ಎಂಡ್ತಿ ಇಬ್ರೂವೆ ಬರಿಗಾಲಲ್ಲಿ ನಡ್ಕಂಡು ಬತ್ತೀವಿ ಅಂತ ಏಳಿ.”

ಜನ ಉಘೇ ಮಾದಪ್ಪ ಎಂದರು. ಸದಾಶಿವಪ್ಪನೂ ಎಂದ, ಅನ್ನದೆ ವಿಧಿಯಿರಲಿಲ್ಲ. ಅವರ ಸದ್ದು ಹನೂರಿನ ದಾರಿಯಲ್ಲಿ ಕರಗಿದ ಮೇಲೆ ಅವನಿಗೆ ಹರಕೆಯ ಪೂರ್ಣಾರ್ಥ ನಿಧಾನವಾಗಿ ಹೊಳೆಯಿತು. ಇನ್ನು ಮೇಲೆ ಮಂಡಿ ವಾಸಿಯಾಗುವ ಹಾಗಿಲ್ಲ. ಎಂಟು ದಿನಕ್ಕೆಂದು ಬಾಡಿಗೆಗೆ ತಂದ ನೋವನ್ನು ಅವಳು ಅವನ ಹೆಸರಿಗೆ ಶಾಶ್ವತವಾಗಿ ಕ್ರಯಮಾಡಿಕೊಟ್ಟಿದ್ದಳು.

ಎಂಟು ದಿನ ಅವನು ಪಟ್ಟ ಪಾಡು ಬೇಡ. ಬೆಳಗ್ಗೆ ರುದ್ರಾಣಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ, ಸುಡುಸುಡುತ್ತಿರುವಾಗಲೇ ಮಂಡಿಗೆ ಕಟ್ಟುತ್ತಿದ್ದಳು. ಹಾಯ್ ಎಂದರೆ, ನೋವು ಬಿಟ್ಟು ಹೋಗುವಾಗ ಹಾಗೇ ಎನ್ನುತ್ತಿದ್ದಳು. ಇಟ್ಟಿಗೆ ಎತ್ತಿಕೊಡಲು ಹೋದರೆ ಕೂರಿಸುತ್ತಿದ್ದಳು, ಕೂತರೆ ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿ ಎನ್ನುತ್ತಿದ್ದಳು. ಮಾದಣ್ಣನಿಗೆ ತಳಪಾಯದ ಅಳತೆ ಹೇಳಲು ಓಡುವುದು, ಅವಳು ಬಂದಳೆಂದರೆ ಕುಂಟುವುದು. ಈ ಗಡಿಬಿಡಿಯಲ್ಲಿ ನಾಲ್ಕನೆಯ ದಿನ ಮಾದಣ್ಣ ಕರಣೆ ಕೆಳಗಿಟ್ಟು ಕೇಳಿದ.

“ಸಾ, ನೆನ್ನ ಕುಂಟ್ತಿದ್ದುದ್ದು ಆ ಕಾಲಲ್ವಾ?”

“ನೋವು ಓಡಾಡ್ತದ ಕನಾ, ನೀ ಗಾರೆ ಹಾಕು.”

ರುದ್ರಾಣಿ ಬಾಗಿಲಲ್ಲೇ ನಿಂತಿದ್ದಳು. ಮರುದಿನದಿಂದ ಎಕ್ಕದ ಎಲೆ ಎರಡೂ ಮಂಡಿಗೆ ಬಂತು.

ಏಳನೆಯ ದಿನ ಸಂಜೆಗೆ ಜಗಲಿ ಮುಗಿಯಿತು. ಒಂದು ಕಡೆ ಇಟ್ಟಿಗೆಯ ಕಂಬ, ಇನ್ನೊಂದು ಕಡೆ ಕಲ್ಲು, ನಡುವೆ ತೊಲೆ, ಮೇಲೆ ಸಾಲಾಗಿ ನಾಡಹೆಂಚು. ಮಾದಣ್ಣ ವೀಳ್ಯ ತೆಗೆದುಕೊಂಡು ಮಹಾರಾಜರ ಸೀಮೆಗೆ ಮರಳಿದ. ಸದಾಶಿವಪ್ಪ ಇಟ್ಟಿಗೆಯ ಕಂಬಕ್ಕೆ ಬೆನ್ನು ಕೊಟ್ಟ, ಕಾಲು ಚಾಚಿದ, ಕಣ್ಣು ಮುಚ್ಚಿದ. ಇದಕ್ಕಾಗಿಯೇ ತಾನು ಹುಟ್ಟಿದ್ದು ಎನ್ನಿಸಿತು. ಎರಡು ನಿಮಿಷವಾದ ಮೇಲೆ, ಹೆಂಚೊಂದು ಸೊಟ್ಟಗಿದೆಯೇನೋ ಎಂದು ಎದ್ದು ನೋಡಿದ. ಮತ್ತೆ ಕೂತ. ಹನೂರಿನ ದಾರಿಯಲ್ಲಿ ಉಘೇ ಎಂದ ಹಾಗಾಯಿತು. ಎದ್ದು ಬೀದಿಗೆ ಹೋಗಿ ಬಂದ. ಯಾರೂ ಇಲ್ಲ. ಮತ್ತೆ ಕೂತ. ಯಜಮಾನರು ಕೇಳಿದರೆ ಮೊದಲು ಯಾವ ಮಾತು ಹೇಳಬೇಕು ಎಂದು ಬಾಯಿಪಾಠ ಮಾಡತೊಡಗಿದ. ಕತ್ತಲಾಗುವವರೆಗೆ ಅವನು ಒಟ್ಟು ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ನಲವತ್ತೈದು ವರ್ಷ ಎಬ್ಬಿಸಿಕೊಂಡವನಿಗೆ, ಎಬ್ಬಿಸುವವರಿಲ್ಲದಿದ್ದರೆ ತಾನೇ ಎಬ್ಬಿಸಿಕೊಳ್ಳುವ ಚಾಳಿ ಬಂದಿತ್ತು.

ಮರುದಿನ ಮಧ್ಯಾಹ್ನ ಯಾತ್ರೆಯವರು ಬಂದರು. ರಾಮಲಿಂಗಯ್ಯನವರು ಮನೆಗೂ ಹೋಗದೆ, ಬೊಬ್ಬೆ ಎದ್ದ ಕಾಲಿನಲ್ಲೇ ನೇರವಾಗಿ ಇವನ ಮನೆಗೆ ಬಂದು, ಮಾದಪ್ಪನ ವಿಭೂತಿ ಮಂಡಿಗೆ ಹಚ್ಚಿದರು. ಕೈ ತೊಳೆಯಲು ಹಿತ್ತಲಿಗೆ ಹೋದರು. ಹೋದವರು ಬಹಳ ಹೊತ್ತು ಬರಲಿಲ್ಲ. ಸದಾಶಿವಪ್ಪ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು ಕುಂಟುತ್ತ ಹಿಂದೆಯೇ ಹೋದ. ಯಜಮಾನರು ತೊಲೆ ನೋಡಿದರು, ಹೆಂಚು ನೋಡಿದರು, ಕಲ್ಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜಗಲಿಯ ಮೇಲೆ, ಇಟ್ಟಿಗೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರು.

“ಗಾಳಿ ಚೆಂದಾಗ್ ಬತ್ತದ ಕನ್ಲಾ ಸದಾಶಿವ,” ಎಂದರು. “ನಾಳ ಬೆಳಗ್ಗ ಮೊಮ್ಮಗಳ ಧಾರೆ ಸೀರೆ ಹಾಸು ಕಟ್ಬೇಕು. ನೀನು ಇಲ್ಲೇ ಕೂತಿರು, ನೋವ್ ಕಾಲು.”

ಅಷ್ಟೇ. ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು.

ಬೆಳಗಾಯಿತು. ಅರಿಶಿನ ಬಣ್ಣದ ರೇಷ್ಮೆ, ಒಂದೊಂದು ಎಳೆಯೂ ಸೂರ್ಯನ ಕೂದಲಿನ ಹಾಗೆ, ಓಣಿಯ ಉದ್ದಕ್ಕೂ ಹರಡಿತು. ಒಂದು ತುದಿ ಜಗಲಿಯ ಸೂರಿನ ಕೆಳಗೆ ಹಾದು ಕಲ್ಲಿನ ಸೊಂಟಕ್ಕೆ ಬಂತು. ಸದಾಶಿವಪ್ಪ ಎರಡೂ ಮಂಡಿಗೆ ಎಕ್ಕದ ಎಲೆ ಕಟ್ಟಿಸಿಕೊಂಡು, ದಿಂಬಿನ ಮೇಲೆ ಕಾಲಿಟ್ಟು, ಪಟ್ಟಕ್ಕೆ ಕೂರಿಸಿದ ದೊರೆಯ ಹಾಗೆ ಜಗಲಿಯ ಮೇಲಿದ್ದ. ಪಕ್ಕದಲ್ಲಿ ಊರುಗೋಲು, ಮುಂದೆ ಗಂಜಿಯ ಮಡಕೆ. ಮೇಲುಗಡೆಯಿಂದ ನಾಲ್ಕು ಜನ ಹಗ್ಗ ಹಿಡಿದರು. ಕಲ್ಲಿನ ಸುತ್ತ ನಿಂತ ಮಕ್ಕಳು ಅವತ್ತಿನ ಪ್ರಶ್ನೆ ಕೇಳಿದವು: ಕಲ್ಲಪ್ಪ ಕಲ್ಲಪ್ಪ, ಸದಾಶಿವ ಮಾವನ ಮಂಡಿ ವಾಸಿ ಆಯ್ತದಾ?

ಹಗ್ಗ ಬಿಗಿಯಾಯಿತು. ಕಲ್ಲು ತಲೆ ಆಡಿಸಿತು.

ಅವನ ನೆತ್ತಿಯ ಮೇಲೆ ಕಿರ್ ಎಂದಿತು. ತಲೆಯೆತ್ತಿ ನೋಡಿದ. ಕಲ್ಲು ಎರಡು ಬೆರಳು ಮುಂದೆ ಹೋಗಿತ್ತು. ತೊಲೆ ಅಲ್ಲೇ ಉಳಿದಿತ್ತು. ಸೊಂಟಕ್ಕೂ ತಲೆಗೂ ಇರುವ ಸಂಬಂಧ ಆ ಕ್ಷಣದಲ್ಲಿ ಅವನಿಗೆ ಸ್ಪಷ್ಟವಾಯಿತು. ತೊಲೆಯ ತುದಿ ಕಲ್ಲಿನ ತಲೆಯಿಂದ ಜಾರತೊಡಗಿತು. ಹೆಂಚಿನ ಮೊದಲನೆಯ ಸಾಲು, ಬಸ್ಸು ಹತ್ತುವ ಜನದ ಹಾಗೆ ಒಂದನ್ನೊಂದು ನೂಕುತ್ತ ಸೂರಿನ ಅಂಚಿಗೆ ಬಂತು. ಕೆಳಗೆ ಧಾರೆ ಸೀರೆಯ ರೇಷ್ಮೆ.

ಎಷ್ಟಾದರೂ ನೇಕಾರನ ರಕ್ತ. ರೇಷ್ಮೆಯ ಮೇಲೆ ಹೆಂಚು ಬೀಳುವುದನ್ನು ನೋಡುತ್ತ ಕೂರುವ ಕಾಲು ಅವನಿಗೆ ಹುಟ್ಟಿನಲ್ಲೇ ಬಂದಿರಲಿಲ್ಲ. ದಿಂಬು ಒಂದು ಕಡೆ, ಊರುಗೋಲು ಒಂದು ಕಡೆ. ಗಂಜಿಯ ಮಡಕೆಯನ್ನು ದಾಟಿ, ಎರಡು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿ, ಜಾರಿ ಇಳಿಯುತ್ತಿದ್ದ ತೊಲೆಗೆ ಹೆಗಲು ಕೊಟ್ಟು ನಿಂತ.

“ಹಗ್ಗ ಬುಡ್ರಲಾ!”

ಹಗ್ಗ ಬಿಟ್ಟರು. ಕಲ್ಲು ಹಿಂದಕ್ಕೆ ಬಂದು ಸಾಧುವಿನ ಹಾಗೆ ನಿಂತಿತು. ರೇಷ್ಮೆಯ ಒಂದು ಎಳೆಯೂ ಹರಿಯಲಿಲ್ಲ. ಬಿದ್ದದ್ದು ಒಂದೇ ಹೆಂಚು. ಅದು ಗಂಜಿಯ ಮಡಕೆಗೆ ಬಿದ್ದು, ಗಂಜಿಯೆಲ್ಲ ಸದಾಶಿವಪ್ಪನ ಮೀಸೆಗೆ ಬಂತು.

ಎಲ್ಲರೂ ಅವನ ಕಾಲು ನೋಡುತ್ತಿದ್ದರು. ತೊಲೆಯ ಭಾರಕ್ಕೆ ಎರಡೂ ಕಾಲು ಗರಡಿಯವನ ಕಾಲಿನ ಹಾಗೆ ನೆಟ್ಟಗೆ ನಿಂತಿದ್ದವು. ಎಡಮಂಡಿಯ ಎಕ್ಕದ ಎಲೆ ಮೆಲ್ಲಗೆ ಜಾರಿ ಪಾದದ ಮೇಲೆ ಬಿತ್ತು. ಕುಂಟೋಣವೆಂದರೆ ಮೇಲೆ ತೊಲೆ.

“ಸದಾಶಿವ,” ಎಂದರು ರಾಮಲಿಂಗಯ್ಯನವರು. “ನೋವು ಯಾವ ಕಾಲ್ದು ಅಂದಿದ್ದೆ?”

ಅವನು ಮನಸ್ಸಿನಲ್ಲೇ ತೂಗಿ ನೋಡಿದ. ನೋವೇ ಇರಲಿಲ್ಲ ಎಂದರೆ, ಬೀದಿಗೆ ಸುಳ್ಳು ಹೇಳಿ, ಮಾದಪ್ಪನ ಮುಡಿಪಿಗೂ ಸುಳ್ಳು ಮಂಡಿ ಮುಟ್ಟಿಸಿದ ಪಾಪಿ. ನೋವಿತ್ತು ಎಂದರೆ, ಅದು ಈಗ ಹೋಗಿದೆ. ಐವತ್ತು ಮೈಲಿ ಬರಿಗಾಲು. ಅವನು ತೀರ್ಮಾನಿಸುವ ಮೊದಲೇ ರುದ್ರಾಣಿ ಹಿತ್ತಲ ಬಾಗಿಲಿನಿಂದ ಇಳಿದು ಬಂದಳು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಬೆಟ್ಟವಿರುವ ಕಡೆಗೆ ತಿರುಗಿ ಕೈಮುಗಿದಳು.

“ಅಪ್ಪಾ ಮಾದಪ್ಪ, ಕ‌ಣ್‌ಬುಟ್ಟೆ. ನೆನ್ನ ತಾನೇ ವಿಭೂತಿ ಅಚ್ಚಿದ್ರು, ಇವತ್ತು ನೆಗದವರೆ.”

ರಾಮಲಿಂಗಯ್ಯನವರೂ ಕೈಮುಗಿದರು. ಅವರ ಮೀಸೆ ಮಾತ್ರ ಒಂದು ಸಲ ಅಲುಗಿದ ಹಾಗಿತ್ತು.

“ವಾಸಿಯಾದಂಗೇ ಕಾಣ್ತದೆ,” ಎಂದ ಸದಾಶಿವಪ್ಪ, ಗಂಜಿ ಉಗುಳಿ.

ಅಲ್ಲೇ ಸಭೆ ಸೇರಿತು. ತೊಲೆ ಹೊತ್ತವನನ್ನು ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆರೋಪಿಯನ್ನು ಕಟ್ಟಿಹಾಕುವ ಕೆಲಸ ಉಳಿಯಿತೆಂದು ಎಲ್ಲರೂ ಜಗಲಿಯ ಮೇಲೆ ಹಾಯಾಗಿ ಕೂತರು. ಯಜಮಾನರು ತೀರ್ಪು ಹೇಳಿದರು. ತೊಲೆಗೆ ಬೇರೆ ಕಂಬ ಕೊಟ್ಟು, ಕಲ್ಲನ್ನು ಅದರ ಪಾಡಿಗೆ ತಲೆದೂಗಲು ಬಿಡತಕ್ಕದ್ದು. ಜಗಲಿಯನ್ನು ಕೆಡವಬೇಕಾಗಿಲ್ಲ, ಹಾಸು ಆರುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತಿದ್ದ ಹಿರಿಯರಿಗೆ ಇಷ್ಟು ವರ್ಷ ಇಂಥದೊಂದು ಇಲ್ಲದೆ ತೊಂದರೆಯಾಗಿತ್ತು. ಸದಾಶಿವಪ್ಪನ ಎದೆ ಒಂದು ಕ್ಷಣ ಹಗುರಾಯಿತು. ಆಮೇಲೆ ಅವರು ಮುಗಿಸಿದರು: ಹಿಂದಿದ್ದರೂ ಜಗಲಿ ಜಗಲಿಯೇ ಆದ್ದರಿಂದ, ಜಗಲಿಯ ಕಟ್ಟಳೆ ಇದಕ್ಕೂ ಸಲ್ಲುತ್ತದೆ. ಕೂತವರನ್ನು ಏಳಿ ಎನ್ನುವ ಹಾಗಿಲ್ಲ.

ಹೀಗೆ ಬೆಳಗ್ಗೆ ಹಿತ್ತಲ ಜಗಲಿಯಲ್ಲಿ ಹಾಸಿನವರು, ಸಂಜೆ ಮುಂದಿನ ಜಗಲಿಯಲ್ಲಿ ಹಿರಿಯರು. ಮಧ್ಯಾಹ್ನ? ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ತಂತಮ್ಮ ರಾಟೆ ಹೊತ್ತು ತಂದು ರುದ್ರಾಣಿಯ ಜೊತೆ ಹಿತ್ತಲ ಜಗಲಿಯಲ್ಲಿ ಕಂಡಿಕೆ ಸುತ್ತಲು ಶುರುಮಾಡಿದರು. ಮೊದಲು ಒಂದು ಜಗಲಿಯಲ್ಲಿ ಅವನಿಗೆ ಜಾಗವಿರಲಿಲ್ಲ, ಈಗ ಎರಡರಲ್ಲಿ.

ಆದ ತಿಂಗಳೇ ಎಂದಿದ್ದಳಲ್ಲ; ಕಾರ್ತಿಕ ಕಳೆಯುವ ಮೊದಲೇ ಗಂಡ ಹೆಂಡತಿ ಹೊರಟರು. ರುದ್ರಾಣಿ ಹಳದಿ ಸೀರೆಯುಟ್ಟು, ಹೊಸ ತಂಬಿಟ್ಟಿನ ಗಂಟು ಹೊತ್ತು, ಹದಿನೆಂಟು ವರ್ಷ ಕಾಲಿನಲ್ಲಿ ಕೂಡಿಟ್ಟಿದ್ದ ನಡಿಗೆಯನ್ನೆಲ್ಲ ಒಂದೇ ದಿನ ಖರ್ಚು ಮಾಡುವವಳ ಹಾಗೆ ಮುಂದೆ ಮುಂದೆ. ಸದಾಶಿವಪ್ಪ ಹಿಂದೆ. ದಿನವೆಲ್ಲ ಅವಳು ಒಂದೇ ಒಂದು ಕೆಲಸ ಹೇಳಲಿಲ್ಲ. ದಾರಿಯ ಮರಗಳ ಹೆಸರು ಕೇಳಿದಳು, ಅಷ್ಟೆ. ಅವಳು ಇಷ್ಟು ನಗುತ್ತಾಳೆಂಬುದು ಅವನಿಗೆ ಮರೆತುಹೋಗಿತ್ತು.

ಹೊತ್ತು ಇಳಿಯುವಾಗ ಹನೂರು ತಲುಪಿದರು. ಊರ ಬಾಯಿಯಲ್ಲೇ ಒಂದು ಮನೆ. ಅದರ ಜಗಲಿ ಖಾಲಿ. ರುದ್ರಾಣಿ ನೀರು ತರಲು ಬಾವಿಯ ಕಡೆಗೆ ಹೋದಳು. ಸದಾಶಿವಪ್ಪ ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ ಕೂತ. ಗಾಳಿ ಬೀಸಿತು. ಯಾರೂ ಏನೂ ಕೇಳಲಿಲ್ಲ. ಅವನಿಗೆ ಎದ್ದು ನೋಡಬೇಕೆಂದೂ ಅನ್ನಿಸಲಿಲ್ಲ. ಆಹಾ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ಮನೆಯವನು, ಹೊಲದಿಂದ ಆಗತಾನೇ ಬಂದವನು, ಕೆಸರುಗಾಲಿನಲ್ಲಿ ಹೊರಗೆ ಬಂದ. ತನ್ನ ಜಗಲಿಯ ಮೇಲೆ ಕಾಲು ಚಾಚಿದ ಪರಸ್ಥಳದವನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಕಟ್ಟಳೆ ಅಲ್ಲಿಯೂ ಅದೇ ಇರಬೇಕು. ನಿಟ್ಟುಸಿರು ಬಿಟ್ಟು ಒಳಕ್ಕೆ ತಿರುಗಿದವನ ಕಣ್ಣು, ನಡುಮನೆಯನ್ನು ದಾಟಿ, ತೆರೆದಿದ್ದ ಹಿತ್ತಲ ಬಾಗಿಲಿನ ಬೆಳಕಿನ ಮೇಲೆ ನಿಂತುಬಿಟ್ಟಿತು.

ಆ ನೋಟ ಸದಾಶಿವಪ್ಪನಿಗೆ ಗೊತ್ತಿತ್ತು.

“ಅಣ್ಣಾ,” ಎಂದ, “ಇತ್ಲಲ್ಲಿ ಮಾತ್ರ ಕಟ್ಟುಸ್ಬ್ಯಾಡಿ.”

ಮನೆಯವನಿಗೆ ಏನು ತಿಳಿಯಿತೋ, ಒಳಗೆ ಹೋದ. ಪಾಪ, ಜಾಗ ಬಿಟ್ಟುಕೊಡೋಣ ಎಂದು ಸದಾಶಿವಪ್ಪ ಎದ್ದ. ಎದ್ದವನು ಅರ್ಧದಲ್ಲೇ ನಿಂತ. ಎಡಗಾಲಿನ ಮಂಡಿ, ಹದಿನೈದು ಮೈಲಿ ನಡೆದ ಮಂಡಿ, ಸತ್ಯವಾಗಿಯೂ, ದೇವರಾಣೆಗೂ, ಹಿಡಿದುಕೊಂಡಿತ್ತು. ಕಣ್ಣಲ್ಲಿ ನೀರು ಬಂತು.

ರುದ್ರಾಣಿ ಚೆಂಬು ಹಿಡಿದು ಬಂದವಳು ಅವನ ಮುಖ ನೋಡಿದಳು, ಮಂಡಿ ನೋಡಿದಳು. ಸೆರಗಿನ ತುದಿಯಲ್ಲಿ ಅರಿಶಿನದ ಬಟ್ಟೆಯ ಇನ್ನೊಂದು ತುಂಡು ಇತ್ತು.

“ನೋಯ್ತದಾ? ಇನ್ನೊಂದು ಮುಡಿಪು ಕಟ್ಲಾ?”

“ಇಲ್ಲ ಕಣೇ,” ಎಂದ ಸದಾಶಿವಪ್ಪ. ಮತ್ತು ಜೀವಮಾನದಲ್ಲಿ ಮೊದಲ ಸಲ ನಿಜವಾಗಿ ಮಂಡಿ ನೋಯುತ್ತಿದ್ದವನು, ಒಂದಿಷ್ಟೂ ಕುಂಟದೆ, ಅವಳ ಹಿಂದೆ ಬೆಟ್ಟದ ದಾರಿ ಹಿಡಿದ.